ಮೋಟ್ರು ಕಟ್ಟುವವರಿಗೆ ಕಲಿಸುವ ಆಸೆ ಹುಟ್ಟಿದರೆ ಅಂಗಡಿ ಮುಚ್ಚಬೇಕಾ?

ಪ್ರಶ್ನೆ: ಮೇಡಂ, ನನಗೆ 46 ವರ್ಷ. ಮದ್ದೂರಿನ ಹತ್ತಿರ ಪಂಪ್‌ಸೆಟ್ ಮೋಟ್ರು ರಿವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟ್ರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ, ಇಟ್ಟುಕೊಂಡಿದ್ದೇನೆ. ಎಸ್ಸೆಸ್ಸೆಲ್ಸಿ ಆದಮೇಲೆ ಐಟಿಐ ಎಲೆಕ್ಟ್ರೀಷಿಯನ್ ಮಾಡಿದ್ದೆ, ಅದರ ಮೇಲೆ ಓದಿಲ್ಲ. ಹೋದ ಬೇಸಿಗೆಯಲ್ಲಿ ನಮ್ಮಕ್ಕನ ಮಗ ಪಿಯುಸಿ ಫೇಲಾಗಿ ಮನೆಯಲ್ಲಿ ಸುಮ್ನೆ ಕೂತಿದ್ದ. 'ಅಂಗಡೀಲಾದ್ರೂ ಕೂರಿಸ್ಕೋ' ಅಂತ ಅಕ್ಕ ಹಟ ಹಿಡಿದಳು. ಒಲ್ಲದ ಮನಸ್ಸಿನಿಂದಲೇ ಒಪ್ಪಿದೆ. ಜೊತೆಗೆ ಅವನ ಸ್ನೇಹಿತನೂ ಬಂದ. ನನಗೆ ಮೊದಲಿಂದ ತಾಳ್ಮೆ ಕಡಿಮೆ, ಕಲಿಸೋದೆಲ್ಲ ಮೇಷ್ಟ್ರ ಕೆಲಸ ಅಂದುಕೊಂಡಿದ್ದವನು ನಾನು. ಆದರೆ ಆ ಹುಡುಗ ತಾನೇ ಕಾಯಿಲ್ (ತಂತಿ ಸುರುಳಿ) ಇಳಿಸಿ ಕನೆಕ್ಷನ್ ಕೊಟ್ಟ 5 ಎಚ್‌ಪಿ ಮೋಟ್ರು ತಿರುಗಿದ ದಿನ ರಾತ್ರಿ ನನಗೆ ಖುಷಿಗೆ ನಿದ್ದೆ ಬರಲಿಲ್ಲ. ನಾನೇ ಕಟ್ಟಿದ ಯಾವ ಮೋಟ್ರಿಗೂ ಹಾಗಾಗಿರಲಿಲ್ಲ. ಈಗ ಊರಿನ ಇನ್ನೂ ನಾಲ್ಕು ಹುಡುಗರು ಬರ್ತೀವಿ ಅಂತಿದ್ದಾರೆ, ಅದರಲ್ಲಿ ಒಬ್ಬ ಇನ್ನೂ ಒಂಬತ್ತನೇ ಕ್ಲಾಸು. ಅಂಗಡಿ ಮುಚ್ಚಿ ಕಲಿಸುವುದನ್ನೇ ಹಿಡಿಯಲಾ, ಐಟಿಐಯಲ್ಲಿ ಕೆಲಸ ಸಿಗುತ್ತಾ, ಸಾಲ ಮಾಡಿ ಟ್ರೈನಿಂಗ್ ಸೆಂಟರ್ ಹಾಕಲಾ ಅಂತ ತಲೆ ಓಡುತ್ತಿದೆ. ವಿಶ್ವಕರ್ಮ ಯೋಜನೆಯಲ್ಲಿ ದುಡ್ಡು ಸಿಗುತ್ತೆ ಅಂತಲೂ ಯಾರೋ ಹೇಳಿದರು. ಹೆಂಡತಿ 'ಈ ವಯಸ್ಸಲ್ಲಿ ಇದೇನು ಹುಚ್ಚು' ಅನ್ನುತ್ತಾಳೆ. ಪಕ್ಕದ ಅಂಗಡಿಯವರು 'ಕಲಿಸು ಕಲಿಸು, ನಾಳೆ ನಿನ್ನ ಎದುರಿಗೇ ಅಂಗಡಿ ಹಾಕ್ತಾರೆ' ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಅಂಗಡಿ ಮುಚ್ಚಬೇಡಿ. ಕಲಿಸುವುದನ್ನೂ ಬಿಡಬೇಡಿ. ಎರಡೂ ಒಟ್ಟಿಗೆ ಹೇಗೆ ಆಗುತ್ತದೆ, ಎಲ್ಲಿ ಎಡವುವ ಸಾಧ್ಯತೆ ಇದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಐಟಿಐಯಲ್ಲಿ ಎಲೆಕ್ಟ್ರೀಷಿಯನ್ ಟ್ರೇಡ್‌ಗೆ ಪಾಠ ಮಾಡಿ, ಆಮೇಲೆ ಹೊಸದಾಗಿ ಬರುವ ಬೋಧಕರಿಗೆ ಕಲಿಸುವುದು ಹೇಗೆ ಅಂತ ಹೇಳಿಕೊಡುತ್ತಲೇ ನನ್ನ ನೌಕರಿ ಮುಗಿದಿದೆ. ನಿಮ್ಮ ಹಾಗೆ ನಡುವಯಸ್ಸಿನಲ್ಲಿ ಈ ಆಸೆ ಹತ್ತಿಸಿಕೊಂಡವರನ್ನು ಬಹಳ ನೋಡಿದ್ದೇನೆ. ಬೆಸುಗೆ ಹಾಕುವವರು, ಟೈಲರಿಂಗ್ ಮಾಡುವ ಹೆಂಗಸರು, ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳು, ಎಲ್ಲರೂ ಇದ್ದರು.

ಇದು ಹುಚ್ಚಲ್ಲ ಅಂತ ನಿಮ್ಮ ಮನೆಯವರಿಗೆ ಧೈರ್ಯವಾಗಿ ಹೇಳಿ. ನಡುವಯಸ್ಸಿಗೆ ಬಂದವರಿಗೆ ಮುಂದಿನ ತಲೆಮಾರಿಗೆ ಏನಾದರೂ ಕೊಟ್ಟು ಹೋಗಬೇಕು ಅನ್ನುವ ಒತ್ತಾಸೆ ಸಹಜವಾಗಿ ಹುಟ್ಟುತ್ತದೆ ಎಂದು ಎರಿಕ್ ಎರಿಕ್ಸನ್ ಎಂಬ ಮನಃಶಾಸ್ತ್ರಜ್ಞ 1950ರಲ್ಲೇ ಬರೆದಿದ್ದರು. ಆದರೆ ನಿಮ್ಮ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ ಅಂತ ನನಗೆ ಅನಿಸುತ್ತದೆ. ನಿಮ್ಮ ಅಂಗಡಿಗೆ ಬರುವವರೆಲ್ಲ ಸಿಟ್ಟಿನಲ್ಲೇ ಬರುತ್ತಾರೆ, ಅಲ್ವಾ? ಕಬ್ಬು ಒಣಗುತ್ತಿದೆ, ಮೋಟ್ರು ಸುಟ್ಟಿದೆ, ನಾಳೆ ಬೆಳಗ್ಗೆಗೇ ಬೇಕು, ದುಡ್ಡು ಆಲೆಮನೆ ಲೆಕ್ಕ ಬಂದಮೇಲೆ. ನೀವು ಹೇಗೆ ಕಟ್ಟಿದಿರಿ ಅಂತ ಒಬ್ಬನೂ ಕೇಳುವುದಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಒಬ್ಬ ಹುಡುಗ ಪಕ್ಕದಲ್ಲಿ ಕೂತು 'ಮಾವ, ಒಂದು ಫೇಸು ಹೋದರೆ ಮೋಟ್ರು ಯಾಕೆ ಸುಡುತ್ತೆ' ಅಂತ ಕೇಳಿರುತ್ತಾನೆ. ಅದಕ್ಕೆ ಉತ್ತರ ಹುಡುಕುವಾಗ ನಿಮಗೆ ಎಷ್ಟು ಗೊತ್ತಿದೆ ಅನ್ನುವುದು ನಿಮಗೇ ಮೊದಲ ಸಲ ಕಂಡಿದೆ. ಆ ಖುಷಿ ನಿಜವಾದದ್ದು.

ಆದರೆ ಈ ಖುಷಿಯೊಳಗೆ ಎರಡು ಬೇರೆ ಬೇರೆ ಖುಷಿ ಸೇರಿಕೊಂಡಿರುತ್ತವೆ. ಒಂದು, ಹುಡುಗರು ನಮ್ಮನ್ನು ದೊಡ್ಡದಾಗಿ ನೋಡುತ್ತಾರೆ ಅನ್ನುವುದು. ಇನ್ನೊಂದು, ಇನ್ನೊಬ್ಬರ ಕೈ ಕಲಿಯುವುದನ್ನು ನೋಡುವುದು. ಮೊದಲನೆಯದು ಮೂರು ತಿಂಗಳಲ್ಲಿ ಮಾಸಿಹೋಗುತ್ತದೆ. ಬೋಧಕರಾಗಿ ಉಳಿಯುವವರು ಎರಡನೆಯದರಿಂದಲೇ ಉಳಿಯುವುದು. ನಿಮ್ಮಲ್ಲಿ ಯಾವುದು ಜಾಸ್ತಿ ಅಂತ ಈ ಇಬ್ಬರು ಹುಡುಗರಿಂದ ಗೊತ್ತಾಗುವುದಿಲ್ಲ, ಯಾಕೆಂದರೆ ಇಬ್ಬರೂ ಕಲಿಯುವ ಆಸೆ ಇದ್ದವರೇ. ನಾಲ್ಕು ಜನ ಬರುತ್ತೀವಿ ಅನ್ನುತ್ತಿದ್ದಾರಲ್ಲ, ಅವರಲ್ಲಿ ಅಪ್ಪನ ಬಲವಂತಕ್ಕೆ ಬರುವವನೊಬ್ಬ ಇದ್ದೇ ಇರುತ್ತಾನೆ. ಮೊಬೈಲ್ ಕೆಳಗಿಡದವನು, ಅದೇ ಸ್ಲಾಟಿನಲ್ಲಿ, ಅಂದರೆ ಕಾಯಿಲ್ ಕೂರುವ ಸೀಳಿನಲ್ಲಿ, ಅದೇ ತಪ್ಪನ್ನು ಮೂರನೇ ಸಲ ಮಾಡುವವನು. ಸಾಲ, ಸೆಂಟರ್ ಯೋಚನೆಗೆ ಮೊದಲು ಅವನನ್ನು ಎರಡು ತಿಂಗಳು ಕಲಿಸಿ ನೋಡಿ. ಆಗಲೂ ಬೆಳಗ್ಗೆ ಷಟರ್ ಎತ್ತುವಾಗ ಇವತ್ತು ಅವನಿಗೆ ಹೀಗೆ ಹೇಳಿಕೊಟ್ಟರೆ ಹೇಗೆ ಅಂತ ನಿಮ್ಮ ತಲೆಯಲ್ಲಿ ಓಡುತ್ತಿದ್ದರೆ ನೀವು ಮೇಷ್ಟ್ರೇ, ಅನುಮಾನ ಬೇಡ. ನನ್ನ ಕೈಯಲ್ಲಿ ತರಬೇತಿ ಪಡೆದ ಬೋಧಕರಲ್ಲಿ ಒಳ್ಳೆಯವರು ಯಾರು ಅಂತ ನಾನು ಗುರುತಿಸುತ್ತಿದ್ದದ್ದು ಇದರಿಂದಲೇ. ಜಾಣ ಹುಡುಗನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಇವರು ಮಾತ್ರ ಬಾರದ ಹುಡುಗನ ಬಗ್ಗೆ ಮಾತಾಡುತ್ತಿದ್ದರು.

ಈಗ ನಿಮ್ಮ ಸುತ್ತ ಓಡಾಡುತ್ತಿರುವ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ನೋಡೋಣ.

ಡಿಗ್ರಿ ಇಲ್ಲದವರು ಕಲಿಸಬಾರದು ಅನ್ನುವುದು ಸುಳ್ಳು. ಮೈಸೂರಿನ ಬೀಟೆ ಮರದ ಇನ್ಲೇ (ಕೆತ್ತಿ ಬೇರೆ ಬಣ್ಣದ ಮರ ಕೂರಿಸುವ) ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದಿದ್ದು ಪಕ್ಕದಲ್ಲಿ ಕೂತು ಕಲಿತವರಿಂದಲೇ. ಐಟಿಐಯಲ್ಲಿ ಕೂಡ ಟ್ರೇಡ್ ಬೋಧಕರಾಗಲು ಡಿಗ್ರಿಯೇ ಬೇಕು ಅಂತಿಲ್ಲ. ಐಟಿಐ ಪಾಸಾಗಿ ಮೂರು ವರ್ಷ ಅನುಭವ ಇದ್ದವರಿಗೂ ಅವಕಾಶವಿದೆ. ಆದರೆ ಅದರ ಜೊತೆಗೆ ಬೋಧಕರ ತರಬೇತಿ ಸರ್ಟಿಫಿಕೇಟ್ ಬೇಕು. ಆ ಕೋರ್ಸಿಗೆ ಸಿಐಟಿಎಸ್ ಅನ್ನುತ್ತಾರೆ, ಒಂದು ವರ್ಷದ್ದು. ಬೆಂಗಳೂರಿನ ಎನ್‌ಎಸ್‌ಟಿಐ ಎಂಬ ಕೇಂದ್ರ ಸರ್ಕಾರದ ತರಬೇತಿ ಸಂಸ್ಥೆಯಲ್ಲಿ ನಡೆಯುತ್ತದೆ. ನಿಮ್ಮ ಟ್ರೇಡಿಗೆ ಈ ವರ್ಷ ಸೀಟು ಇದೆಯಾ ಅಂತ ಅಲ್ಲೇ ಕೇಳಬೇಕು.

ಕೆಲಸ ಬಂದವರಿಗೆ ಕಲಿಸುವುದು ತಾನಾಗಿ ಬರುತ್ತದೆ ಅನ್ನುವ ಮಾತು ಅದಕ್ಕಿಂತ ದೊಡ್ಡ ಸುಳ್ಳು. ಕೆಲಸ ಚೆನ್ನಾಗಿ ಬಂದವರಿಗೆ ಕಲಿಸುವುದು ಇನ್ನೂ ಕಷ್ಟ. ಕಾಯಿಲ್ ಸುತ್ತುವಾಗ ತಂತಿಯನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಅನ್ನುವುದು ನಿಮ್ಮ ಬೆರಳಿಗೆ ಗೊತ್ತು. ಜಾಸ್ತಿ ಎಳೆದರೆ ತಂತಿ ಹಿಗ್ಗಿ ಸಣ್ಣಗಾಗುತ್ತದೆ, ಸಡಿಲ ಬಿಟ್ಟರೆ ಕಾಯಿಲ್ ಉಬ್ಬಿ ಸ್ಲಾಟಿನಲ್ಲಿ ಕೂರುವುದಿಲ್ಲ. ನೀವು 'ಹದವಾಗಿ ಹಿಡಿಯೋ' ಅನ್ನುತ್ತೀರಿ. ಹುಡುಗನಿಗೆ ಅದು ಎಷ್ಟು ಅಂತ ಹೇಗೆ ಗೊತ್ತಾಗಬೇಕು? ಅವನು ತಪ್ಪು ಮಾಡಿದಾಗ ಬುದ್ಧಿ ಇಲ್ಲ ಅಂತ ಬೈಯುತ್ತೀರಿ. ನಿಜವಾಗಿ ಆಗಿರುವುದು ಏನೆಂದರೆ, ನಿಮಗೆ ಅಭ್ಯಾಸವಾಗಿ ಕಾಣಿಸದೇ ಹೋದ ಒಂದು ಹೆಜ್ಜೆಯನ್ನು ನೀವು ಹೇಳಿಯೇ ಇಲ್ಲ.

ಇದಕ್ಕೆ ಹಳೆಯ ವಿಧಾನವೊಂದಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಲ್ಲಿ ಏನೂ ಗೊತ್ತಿಲ್ಲದ ಜನರನ್ನು ಬೇಗ ಕೆಲಸಕ್ಕೆ ತಯಾರು ಮಾಡಬೇಕಾಗಿತ್ತು. ಆಗ ಮೇಸ್ತ್ರಿಗಳಿಗೆ ಕಲಿಸಿದ ನಾಲ್ಕು ಹೆಜ್ಜೆಯ ಕ್ರಮವನ್ನೇ ನಾವು ಇವತ್ತಿಗೂ ಬೋಧಕರಿಗೆ ಹೇಳಿಕೊಡುತ್ತೇವೆ. ಮೊದಲು ಕಲಿಯುವವನಿಗೆ ಏನು ಗೊತ್ತು ಅಂತ ತಿಳಿದುಕೊಂಡು ಅವನ ಅಂಜಿಕೆ ಬಿಡಿಸುವುದು. ಆಮೇಲೆ ಒಂದೊಂದೇ ಹೆಜ್ಜೆ ಮಾಡಿ ತೋರಿಸುತ್ತಾ, ಯಾಕೆ ಹೀಗೆ ಅಂತ ಬಾಯಲ್ಲಿ ಹೇಳುವುದು. ಮೂರನೆಯದು ಅವನ ಕೈಯಲ್ಲೇ ಮಾಡಿಸುವುದು, ಮಾಡುವಾಗ ಕಾರಣವನ್ನೂ ಅವನೇ ಹೇಳಬೇಕು. ಕೊನೆಗೆ ಅವನನ್ನು ಅವನ ಪಾಡಿಗೆ ಬಿಟ್ಟು ಆಗಾಗ ಬಂದು ನೋಡುವುದು. ನಮ್ಮ ಅಂಗಡಿಗಳಲ್ಲಿ ತಪ್ಪಿಹೋಗುವುದು ಮೂರನೆಯದು. ಹುಡುಗ ಸ್ವಲ್ಪ ತಡವರಿಸಿದ ಕೂಡಲೇ 'ಕೊಡಿಲ್ಲಿ' ಅಂತ ಕಿತ್ತುಕೊಂಡು ನಾವೇ ಮುಗಿಸಿಬಿಡುತ್ತೇವೆ. ಅಲ್ಲಿಗೆ ಕಲಿಕೆ ನಿಂತಿತು. ನಿಮ್ಮ ಅಕ್ಕನ ಮಗನ ಮೋಟ್ರು ತಿರುಗಿದೆ ಅಂದರೆ ಎಲ್ಲೋ ಒಂದು ಕಡೆ ನೀವು ಕೈ ಕಟ್ಟಿ ನಿಂತಿದ್ದೀರಿ ಅಂತ ಅರ್ಥ. ತಾಳ್ಮೆ ಕಡಿಮೆ ಅನ್ನುವವರಿಗೆ ಅದು ಸಣ್ಣ ವಿಷಯವಲ್ಲ.

ಇನ್ನು ಎದುರಿಗೇ ಅಂಗಡಿ ಹಾಕುತ್ತಾರೆ ಅನ್ನುವ ಭಯ. ಇದು ಪೂರ್ತಿ ಸುಳ್ಳಲ್ಲ, ಹಾಗೆ ಆಗಿರುವುದನ್ನು ನಾನೂ ನೋಡಿದ್ದೇನೆ. ಆದರೆ ಕಲಿತ ಹುಡುಗರಲ್ಲಿ ಎಷ್ಟೋ ಜನ ಊರಲ್ಲಿ ನಿಲ್ಲುವುದೇ ಇಲ್ಲ. ಪೀಣ್ಯಕ್ಕೋ, ನಂಜನಗೂಡಿನ ಫ್ಯಾಕ್ಟರಿಗಳಿಗೋ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೋ ಹೋಗುತ್ತಾರೆ. ಊರಲ್ಲೇ ಉಳಿದವನು ಒಳ್ಳೆಯವನಾಗಿದ್ದರೆ ಬೇಸಿಗೆಯಲ್ಲಿ ನಿಮಗೆ ಹೆಚ್ಚಾದ ಕೆಲಸ ಅವನಿಗೆ ಹೋಗುತ್ತದೆ, ರೈತನೂ ಬದುಕುತ್ತಾನೆ. ಈ ಭಯ ನಿಮ್ಮಲ್ಲಿ ಎಷ್ಟಿದೆ ಅಂತ ನೀವೇ ನೋಡಿಕೊಳ್ಳಲು ಒಂದು ದಾರಿ ಹೇಳುತ್ತೇನೆ. ಪ್ರತಿ ವೈಂಡಿಂಗ್ ಅಂಗಡಿಯಲ್ಲೂ ಒಂದು ಡೈರಿ ಇರುತ್ತದೆ. ಯಾವ ಕಂಪನಿ ಮೋಟ್ರಿಗೆ ಎಷ್ಟು ಸ್ಲಾಟು, ಪಿಚ್ (ಕಾಯಿಲಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಸ್ಲಾಟುಗಳ ಅಂತರ) ಎಷ್ಟು, ಎಷ್ಟು ಸುತ್ತು, ಯಾವ ಗೇಜಿನ ತಂತಿ ಅಂತ ವರ್ಷಗಟ್ಟಲೆ ಬರೆದಿಟ್ಟ ಡೈರಿ. ಅದನ್ನು ಹುಡುಗರಿಗೆ ತೋರಿಸಲು ನಿಮಗೆ ಮನಸ್ಸಿದೆಯಾ? ಸಾಧ್ಯವಿಲ್ಲ ಅಂತ ಅನಿಸಿದರೆ ತಪ್ಪೇನಿಲ್ಲ, ಅದು ನಿಮ್ಮ ದುಡಿಮೆ. ಆದರೆ ಅರ್ಧ ಕಲಿಸಿ ಅರ್ಧ ಮುಚ್ಚಿಡುವುದಾದರೆ ಅದನ್ನು ಮೊದಲೇ ಹೇಳಿಬಿಡಿ. ಗುಟ್ಟು ಮುಚ್ಚಿಡುತ್ತಿದ್ದಾರೆ ಅಂತ ಹುಡುಗರಿಗೆ ವಾಸನೆ ಹತ್ತಿದರೆ ಮಿಕ್ಕದ್ದನ್ನೂ ಅವರು ನಂಬುವುದಿಲ್ಲ. ನಾನಾಗಿದ್ದರೆ ಡೈರಿಯನ್ನು ಕೈಗೆ ಕೊಟ್ಟು, ಸುಟ್ಟ ಮೋಟ್ರು ಬಿಚ್ಚಿಸಿ, ಸುತ್ತು ಎಣಿಸಿ ಡೈರಿಯ ಲೆಕ್ಕಕ್ಕೆ ತಾಳೆ ನೋಡಲು ಹೇಳುತ್ತಿದ್ದೆ. ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ವಿಶ್ವಕರ್ಮ ಯೋಜನೆ ನಿಮಗೆ ಅನ್ವಯಿಸುವುದಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಆ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಗಾರೆ ಕೆಲಸದವರು ಹೀಗೆ. ಮೋಟ್ರು ರಿವೈಂಡಿಂಗ್ ಅದರಲ್ಲಿಲ್ಲ. ಅಪ್ಲಿಕೇಶನ್ ಹಾಕಿಸಿಕೊಡುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಈಗ ದಾರಿಗಳ ವಿಷಯ. ಐಟಿಐ ಕೆಲಸ ಅಂದರೆ ಸರ್ಕಾರಿ ನೌಕರಿ ಅಂದುಕೊಂಡಿದ್ದರೆ 46ನೇ ವಯಸ್ಸಿಗೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ಖಾಸಗಿ ಐಟಿಐಗೆ ಹೋಗಬಹುದು. ಆದರೆ ಒಂದು ವರ್ಷ ಅಂಗಡಿ ಬಿಟ್ಟು ಬೆಂಗಳೂರಲ್ಲಿ ಓದಿ, ಆಮೇಲೆ ನಿಮ್ಮ ಬೇಸಿಗೆ ಸಂಪಾದನೆಗಿಂತ ಕಡಿಮೆ ಸಂಬಳಕ್ಕೆ ಸೇರಬೇಕಾಗಬಹುದು. ಕೆಲಸವೂ ನೀವು ಅಂದುಕೊಂಡ ಹಾಗಿರುವುದಿಲ್ಲ. ಹಾಜರಿ, ಸಿಲಬಸ್, ರೆಕಾರ್ಡ್ ಪುಸ್ತಕ, ಆನ್‌ಲೈನ್ ಪರೀಕ್ಷೆ, ಒಂದೇ ಸಲಕ್ಕೆ ಇಪ್ಪತ್ತು ಹುಡುಗರು, ಅದರಲ್ಲಿ ವೈಂಡಿಂಗ್ ಅನ್ನುವುದು ಎರಡು ವರ್ಷದ ಪಾಠದಲ್ಲಿ ಒಂದು ಭಾಗ ಅಷ್ಟೆ. ಅದನ್ನು ಇಷ್ಟಪಟ್ಟು ಮಾಡುವವರು ಬೇರೆ, ನಾನೂ ಅವರಲ್ಲೊಬ್ಬಳು. ನಿಮಗೆ ಖುಷಿ ಕೊಟ್ಟದ್ದು ನಿಮ್ಮ ಬೆಂಚಿನ ಪಕ್ಕ ನಿಜವಾದ ಕೆಲಸದ ನಡುವೆ ನಡೆದ ಕಲಿಕೆ. ಗಿರಾಕಿ ಕಾಯುತ್ತಿದ್ದಾನೆ, ಮೋಟ್ರು ತಿರುಗಲೇಬೇಕು, ಆ ಒತ್ತಡದಲ್ಲಿ ಹುಡುಗ ಕಲಿತ. ಅದನ್ನು ಕ್ಲಾಸ್‌ರೂಮಿಗೆ ಒಯ್ಯಲು ಆಗುವುದಿಲ್ಲ.

ಸಾಲ ಮಾಡಿ ಸೆಂಟರ್ ಹಾಕುವುದಂತೂ ಈಗ ಬೇಡವೇ ಬೇಡ. ಬೋರ್ಡು ಹಾಕುವುದು ಸುಲಭ. ಹುಡುಗರು ಮಾತ್ರ ಮೊದಲು ಕೇಳುವುದು ಸರ್ಟಿಫಿಕೇಟ್. ನೀವು ಕೊಡುವ ಕಾಗದಕ್ಕೆ ಸರ್ಕಾರದ ಲೆಕ್ಕದಲ್ಲಿ ಬೆಲೆ ಇಲ್ಲ. ಇಂಥವನು ನಮ್ಮ ಅಂಗಡಿಯಲ್ಲಿ ಇಷ್ಟು ತಿಂಗಳು ಕೆಲಸ ಕಲಿತ, ಇಂಥಿಂಥ ಕೆಲಸ ಬರುತ್ತದೆ ಅಂತ ಅನುಭವದ ಪತ್ರ ಕೊಡಿ, ಅದು ಪ್ರಾಮಾಣಿಕವಾದದ್ದು, ವರ್ಕ್‌ಶಾಪ್‌ಗಳಲ್ಲಿ ಅದಕ್ಕೆ ಬೆಲೆಯೂ ಇದೆ. 'ಸರ್ಕಾರಿ ಮಾನ್ಯತೆ' ಅಂತ ಎಲ್ಲೂ ಬರೆಯಬೇಡಿ. ಮನೆ ವೈರಿಂಗ್ ಕೆಲಸಕ್ಕೆ ಹೋಗುವವರಿಗೆ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ಬೇರೆಯೇ ಇದೆ ಅನ್ನುವುದನ್ನೂ ಅವರಿಗೆ ತಿಳಿಸಿ.

ನಿಮಗೆ ಹೊಂದುವ ದಾರಿ ಇನ್ನೊಂದಿದೆ. 1982ರಲ್ಲಿ ಉಜಿರೆಯಲ್ಲಿ ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ ರುಡ್‌ಸೆಟಿ ಎಂಬ ಸಂಸ್ಥೆ ಶುರುವಾಯಿತು. ಆಮೇಲೆ ಅದೇ ಮಾದರಿಯಲ್ಲಿ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಕೇಂದ್ರಗಳು ಬಂದವು. ಮೈಸೂರಿನಲ್ಲೂ ರುಡ್‌ಸೆಟಿ ಇದೆ. 18 ದಾಟಿದ ಹಳ್ಳಿ ಯುವಕರಿಗೆ ಊಟ, ವಸತಿ ಸಮೇತ ಉಚಿತ ತರಬೇತಿ. ಇವರ ಕೋರ್ಸುಗಳ ಪಟ್ಟಿಯಲ್ಲಿ ಮೋಟ್ರು ರಿವೈಂಡಿಂಗ್ ಕೂಡ ಇದೆ, ಸುಮಾರು ಒಂದು ತಿಂಗಳದ್ದು. ಇಂಥ ಕೋರ್ಸು ನಡೆಸುವಾಗ ಅವರಿಗೆ ಕೆಲಸ ಗೊತ್ತಿರುವ ಅತಿಥಿ ತರಬೇತುದಾರರು ಬೇಕಾಗುತ್ತಾರೆ. ಒಮ್ಮೆ ಹೋಗಿ ನಿರ್ದೇಶಕರನ್ನು ಕಂಡು, ನಿಮ್ಮ ಐಟಿಐ ಸರ್ಟಿಫಿಕೇಟ್ ತೋರಿಸಿ, ಬೇಕಾದಾಗ ಕರೆಯಿರಿ ಅಂತ ಹೇಳಿ ಬನ್ನಿ. ಅಂಗಡಿ ಮುಚ್ಚದೇ ಒಂದಿಡೀ ಬ್ಯಾಚನ್ನು ಕಲಿಸಿ ನೋಡಲು ಇದಕ್ಕಿಂತ ಕಡಿಮೆ ಖರ್ಚಿನ ದಾರಿ ನನಗೆ ಕಾಣುವುದಿಲ್ಲ.

ಅಂಗಡಿಯಲ್ಲೇ ಕಲಿಸುವುದರಲ್ಲಿ ಒಂದು ತೊಡಕಿದೆ, ಅದನ್ನು ನೀವು ಬರೆದಿಲ್ಲ, ಆದರೆ ಮುಂದೆ ಎದುರಾಗುತ್ತದೆ. ಹುಡುಗರಿಗೆ ರಜೆ ಇರುವುದು ಏಪ್ರಿಲ್, ಮೇನಲ್ಲಿ. ನಿಮಗೆ ಕೆಲಸ ಮೈಮೇಲೆ ಬೀಳುವುದೂ ಆಗಲೇ. ನೀರು ಕೆಳಗೆ ಹೋಗಿ ಮೋಟ್ರು ಒಣಗಿದ ಬಾವಿಯಲ್ಲಿ ಓಡುತ್ತದೆ, ವೋಲ್ಟೇಜು ಇಳಿದು ಕರೆಂಟು ಜಾಸ್ತಿ ಎಳೆದು ಕಾಯುತ್ತದೆ, ಮೂರು ಫೇಸ್ ಇಲ್ಲದ ಹೊತ್ತಲ್ಲೂ ಕಂಡೆನ್ಸರ್ ಹಾಕಿ ಎರಡು ಫೇಸಿನಲ್ಲಿ ಓಡಿಸುವವರಿದ್ದಾರೆ. ಅಂಗಡಿ ಮುಂದೆ ಮೋಟ್ರುಗಳ ಸಾಲು. ಆಗ ಕಲಿಯಲು ಬಂದ ಹುಡುಗ ಗೊತ್ತಿಲ್ಲದ ಹಾಗೆ ಸಂಬಳವಿಲ್ಲದ ಆಳಾಗಿಬಿಡುತ್ತಾನೆ. ದಿನವೆಲ್ಲ ಸುಟ್ಟ ಕಾಯಿಲ್ ಕೀಳುವುದು, ಟೀ ತರುವುದು. ಕಲಿಸುತ್ತಿದ್ದೇನೆ ಅಂತ ನೀವು ಅಂದುಕೊಂಡಿರುತ್ತೀರಿ, ಹುಡುಗ ದುಡಿಯುತ್ತಿರುತ್ತಾನೆ. ಇದು ನನಗೆ ಬಹಳ ಬೇಸರ ತರಿಸುವ ವಿಷಯ, ಏಕೆಂದರೆ ಒಳ್ಳೆಯ ಮನಸ್ಸಿನವರೇ ಇದರಲ್ಲಿ ಸಿಕ್ಕಿಬೀಳುತ್ತಾರೆ. ಹಾಗಾಗಿ ಹೀಗೆ ಮಾಡಿ: ಮಳೆ ಹಿಡಿದು ಕೆಲಸ ಕಡಿಮೆಯಾದ ತಿಂಗಳುಗಳಲ್ಲಿ, ಗುಜರಿಗೆ ಹೋಗುವ ಮೋಟ್ರಿನ ಬಾಡಿ ಇಟ್ಟುಕೊಂಡು ಕಲಿಸಿ. ಅಭ್ಯಾಸಕ್ಕೆ ಒಂದೇ ತಂತಿಯನ್ನು ಸುತ್ತಿ ಬಿಚ್ಚಿ ಮತ್ತೆ ಸುತ್ತಿಸಬಹುದು, ಹೊಸ ತಾಮ್ರ ಬೇಡ. ಬೇಸಿಗೆಯಲ್ಲಿ ಗಿರಾಕಿ ಮೋಟ್ರಿಗೆ ಕೈ ಹಾಕಿಸಿದರೆ ಮೋಟ್ರಿಗಿಷ್ಟು ಅಂತ ದುಡ್ಡು ಕೊಡಿ. ಇಬ್ಬರು, ಹೆಚ್ಚೆಂದರೆ ಮೂವರು. ಆರು ಜನರನ್ನು ಒಂದು ಟೆಸ್ಟಿಂಗ್ ಬೆಂಚಿನ ಹತ್ತಿರ ಒಬ್ಬರೇ ನೋಡಿಕೊಳ್ಳಲು ಆಗುವುದಿಲ್ಲ.

ಒಂಬತ್ತನೇ ಕ್ಲಾಸಿನ ಹುಡುಗ ಬೇಡ. 2016ರ ತಿದ್ದುಪಡಿ ಆದಮೇಲೆ 14 ವರ್ಷ ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ, 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಾಕುವ ಹಾಗಿಲ್ಲ. ಕಲಿಯಲು ಬಂದಿದ್ದಾನೆ ಅಂತ ನೀವು ಹೇಳಬಹುದು. ಆದರೆ ಅವನಿಗೇನಾದರೂ ಆದರೆ ಆ ಮಾತು ನಿಮ್ಮನ್ನೂ ಕಾಯುವುದಿಲ್ಲ, ಅವನನ್ನೂ ಕಾಯುವುದಿಲ್ಲ. ಅವನಿಗೆ ಅಷ್ಟು ಆಸೆ ಇದ್ದರೆ ಭಾನುವಾರ ಅಪ್ಪನ ಜೊತೆ ಬಂದು ನೋಡಲಿ, ಬ್ಯಾಟರಿ, ಬಲ್ಬು, ಸ್ವಿಚ್ಚಿನ ಸರ್ಕ್ಯೂಟ್ ಮಾಡಲಿ. ನನ್ನ ಸಲಹೆ, ಬೆಂಚಿನ ಮೇಲೆ 18 ದಾಟಿದವರು ಮಾತ್ರ.

ಕರೆಂಟಿನ ವಿಷಯದಲ್ಲಿ ಯಾವ ರಾಜಿಯೂ ಬೇಡ. ನಿಮಗೆ ಬರಿಗೈಯಲ್ಲಿ ವೈರ್ ಮುಟ್ಟಿ ನೋಡುವ ಧೈರ್ಯ ಇರಬಹುದು, ಹುಡುಗರು ಮೊದಲು ಕಲಿಯುವುದು ನಿಮ್ಮ ಆ ಅಭ್ಯಾಸವನ್ನೇ. ಟೆಸ್ಟಿಂಗ್ ಬೆಂಚಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಸಪ್ಲೈ ಕಡಿಯುವ ಸ್ವಿಚ್ಚು), ಸರಿಯಾದ ಅರ್ಥಿಂಗ್, ಕಾಲ ಕೆಳಗೆ ರಬ್ಬರ್ ಮ್ಯಾಟು, ಕೈಗೆ ಸಿಗುವ ಹಾಗೆ ಒಂದು ಸ್ಟಾಪ್ ಬಟನ್, ಇಷ್ಟು ಹಾಕಿಸಿ. ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕದೆ ಯಾವ ಮೋಟ್ರಿಗೂ ಸಪ್ಲೈ ಇಲ್ಲ, ನೀವು ಪಕ್ಕದಲ್ಲಿ ಇಲ್ಲದೆ ಸ್ವಿಚ್ ಇಲ್ಲ. ಸುಟ್ಟ ಕಾಯಿಲನ್ನು ಬೆಂಕಿಗೆ ಹಾಕಿ ಕೀಳುವ ಪದ್ಧತಿ ನಿಮ್ಮಲ್ಲಿದ್ದರೆ ಆ ಹೊಗೆಯ ಹತ್ತಿರ ಹುಡುಗರನ್ನು ಬಿಡಬೇಡಿ. ಬೋರಿನಿಂದ ಮೋಟ್ರು ಎತ್ತುವ ಜಾಗಕ್ಕೂ ಕರೆದೊಯ್ಯಬೇಡಿ. 18 ತುಂಬಿದವರ ಹೆಸರಲ್ಲಿ ಬ್ಯಾಂಕಿನಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮೆ ಮಾಡಿಸಿ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಅದರಿಂದ ಅಪಘಾತ ತಪ್ಪುವುದಿಲ್ಲ, ಆದರೂ ಇರಲಿ.

ನಿಮ್ಮ ಮನೆಯವರ ಮಾತನ್ನು ಅಡ್ಡಿ ಅಂತ ನೋಡಬೇಡಿ. ಅವರಿಗೆ ಕಾಣುತ್ತಿರುವುದು ಮನೆ ಖರ್ಚು, ಅದು ಸರಿಯಾದ ಲೆಕ್ಕವೇ. ಹೋದ ವರ್ಷದ ಬಿಲ್ ಪುಸ್ತಕ ತೆಗೆದು ಇಬ್ಬರೂ ಕೂತು ಯಾವ ತಿಂಗಳು ಎಷ್ಟು ಬಂದಿದೆ ಅಂತ ನೋಡಿ. ಸಂಪಾದನೆ ಕಡಿಮೆ ಇರುವ ತಿಂಗಳುಗಳಲ್ಲಿ ದಿನಕ್ಕೆ ಎರಡು ಗಂಟೆ ಕಲಿಸುತ್ತೇನೆ, ಬೇಸಿಗೆಯಲ್ಲಿ ಇಲ್ಲ ಅಂತ ಹೇಳಿದರೆ ಅವರು ಬೇಡ ಅನ್ನಲಾರರು. ಹುಡುಗರ ಮನೆಯಿಂದ ಸ್ವಲ್ಪ ಫೀಸು ತೆಗೆದುಕೊಳ್ಳುವುದಕ್ಕೂ ಸಂಕೋಚ ಬೇಡ. ಪುಕ್ಕಟೆ ಅಂದರೆ ವಾರಕ್ಕೆ ಎರಡು ದಿನ ಬಂದು ಬಿಡುತ್ತಾರೆ. ತೀರಾ ಕಷ್ಟದಲ್ಲಿರುವವರಿಗೆ ಬಿಟ್ಟುಕೊಡಿ, ಅದು ನಿಮ್ಮಿಬ್ಬರ ನಡುವೆಯೇ ಇರಲಿ.

ಕೊನೆಯದಾಗಿ ನಿಮ್ಮ ಅಕ್ಕನ ಮಗನ ವಿಷಯ. ಅವನ ಕೈ ಚೆನ್ನಾಗಿದೆ ಅಂತ ಪತ್ರದಲ್ಲೇ ಗೊತ್ತಾಗುತ್ತಿದೆ. ಅವನನ್ನು ನಿಮ್ಮ ಅಂಗಡಿಗೇ ಕಟ್ಟಿಹಾಕಬೇಡಿ. ಐಟಿಐ ಎಲೆಕ್ಟ್ರೀಷಿಯನ್‌ಗೆ ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು, ಪಿಯುಸಿ ಫೇಲಾದದ್ದು ಅಡ್ಡಬರುವುದಿಲ್ಲ. ಎರಡು ವರ್ಷದ ಕೋರ್ಸು, ನಿಮ್ಮ ಹತ್ತಿರ ಕಲಿತ ವೈಂಡಿಂಗ್ ಅಲ್ಲಿ ಅವನಿಗೆ ದೊಡ್ಡ ಬಲ. ಅಡ್ಮಿಷನ್ ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಶುರುವಾಗುತ್ತದೆ. ಅವನ ಮಾರ್ಕ್ಸ್ ಕಾರ್ಡು, ಜಾತಿ ಆದಾಯ ಪ್ರಮಾಣಪತ್ರ, ಆಧಾರ್ ಈಗಲೇ ಜೋಡಿಸಿಟ್ಟುಕೊಳ್ಳಲು ಅಕ್ಕನಿಗೆ ಹೇಳಿ. ಶನಿವಾರ, ಭಾನುವಾರ ಅವನು ನಿಮ್ಮ ಅಂಗಡಿಗೆ ಬರಲಿ. ಹೊಸದಾಗಿ ಬರುವ ಹುಡುಗರಿಗೆ ಸ್ಲಾಟಿಗೆ ಇನ್ಸುಲೇಷನ್ ಪೇಪರ್ ಹಾಕುವುದನ್ನು ಅವನಿಂದಲೇ ಹೇಳಿಕೊಡಿಸಿ.